ಸರಿಯಕ್ಕನ ಹೆಸರಿನ ಫಲಕ

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಆಸ್ಪತ್ರೆಯ ಆಡಳಿತಾಧಿಕಾರಿಗಳೇ, ಮುಖ್ಯ ಅತಿಥಿಗಳಾಗಿ ಬಂದಿರುವ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಭಾವನವರೇ, ಅವರ ಪಕ್ಕದಲ್ಲಿರುವ ಮಗಳೇ, ಪಾಳಿ ಮುಗಿಸಿ ಬಿಳಿ ಕೋಟನ್ನೂ ಕಳಚದೆ ಓಡಿಬಂದಿರುವ ನನ್ನ ಸಹೋದ್ಯೋಗಿಗಳೇ, ಮತ್ತು ಇಷ್ಟು ಹೊತ್ತು ಗಟ್ಟಿ ಕುರ್ಚಿಗಳ ಮೇಲೆ ತಾಳ್ಮೆಯಿಂದ ಕುಳಿತಿರುವ ಸಭಿಕರೇ,

ನನಗಿಂತ ಮೊದಲು ಮಾತಾಡಿದವರೆಲ್ಲ ಚೆನ್ನಾಗಿ ಮಾತಾಡಿದ್ದಾರೆ. ಸಂಕ್ಷಿಪ್ತವಾಗಿರಲಿ ಎಂದು ನಿರೂಪಕಿ ನನ್ನ ಕಿವಿಯಲ್ಲಿ ಹೇಳಿ ಹೋಗಿದ್ದಾರೆ. ಫಾರ್ಮಸಿಯವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ನಂತರ. ನಾವು ಜೀವಮಾನವಿಡೀ ಬರೆಯುವ ಸಾಹಿತ್ಯ ಅಷ್ಟೇ.

ನನಗೆ ಎರಡು ಕೆಲಸ ವಹಿಸಿದ್ದಾರೆ. ಹೋದ ವರ್ಷ ತೀರಿಕೊಂಡ ನನ್ನ ಸಹೋದ್ಯೋಗಿಯ ಬಗ್ಗೆ ನಾಲ್ಕು ಮಾತಾಡುವುದು ಒಂದು. ಅವಳ ಹೆಸರಿನಲ್ಲಿ, ಕೆಲಸದ ಜೊತೆ ಓದುವವರಿಗೆ ಆಸ್ಪತ್ರೆ ಈ ವರ್ಷದಿಂದ ಕೊಡಲಿರುವ ಪ್ರಶಸ್ತಿಯ ಫಲಕವನ್ನು ಸಭೆಗೆ ಓದಿ ಹೇಳಿ, ನಮ್ಮ ಫಾರ್ಮಸಿಯ ಹುಡುಗಿಯೊಬ್ಬಳ ಕೈಗೆ ಕೊಡುವುದು ಇನ್ನೊಂದು. ಫಲಕ ಈ ಮೇಜಿನ ಮೇಲಿದೆ, ಕೆಂಪು ಬಟ್ಟೆ ಹಾಸಿದ ತಟ್ಟೆಯಲ್ಲಿ. ಹುಡುಗಿ ವೇದಿಕೆಯ ಆ ಕೊನೆಯ ಕುರ್ಚಿಯಲ್ಲಿದ್ದಾಳೆ. ಅವಳು ಕೆಲಸಕ್ಕೆ ಸೇರಿ ಕೆಲವು ವರ್ಷಗಳೇ ಆದವು, ಆದರೂ ಕೆಳಗೆ ಎಲ್ಲರೂ ಅವಳನ್ನು ಹೊಸಬಳು ಎಂದೇ ಕರೆಯುತ್ತಾರೆ. ಅವಳ ನಂತರ ಯಾರನ್ನೂ ನೇಮಿಸಿಕೊಂಡಿಲ್ಲವಲ್ಲ, ಇನ್ನೇನು ಕರೆಯುವುದು?

ನಾನು ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು. ಈ ಭಾಷಣ ಬರೆಯಲು ಕೂತಾಗ ಮೊದಲ ಒಂದು ಪುಟ ಇಂಗ್ಲಿಷಿನಲ್ಲೇ ಬಂತು. ಓದಿ ನೋಡಿದೆ, ತುಂಬಾ ಚೆನ್ನಾಗಿತ್ತು. ಹರಿದುಹಾಕಿದೆ. ಆ ಭಾಷೆಯಲ್ಲಿ ನನಗೆ ಯಾರ ಬಗ್ಗೆ ಬೇಕಾದರೂ ಗೌರವದಿಂದ, ದೂರದಲ್ಲಿ ನಿಂತು ಬರೆಯಲು ಬರುತ್ತದೆ. ಈ ಒಬ್ಬಳ ಬಗ್ಗೆ ದೂರದಲ್ಲಿ ನಿಂತು ಹೇಳುವುದು ನನಗೆ ಬೇಕಿರಲಿಲ್ಲ. ಹಾಗಾಗಿ ನನ್ನ ಮಾತು ಅಲ್ಲಲ್ಲಿ ತಡವರಿಸಿದರೆ ಮನ್ನಿಸಬೇಕು.

ಫಲಕದ ಮೇಲೆ ಅವಳ ಪೂರ್ಣ ಹೆಸರಿದೆ. ನನಗೆ ಆ ಹೆಸರು ಹೇಳಿ ರೂಢಿಯಿಲ್ಲ. ನಮ್ಮೆಲ್ಲರಿಗೂ ಅವಳು ಸರಿಯಕ್ಕ. ಆ ಹೆಸರು ಹೇಗೆ ಬಂತು ಎಂದು ಗೊತ್ತಾಗಬೇಕಾದರೆ ನೀವು ನಮ್ಮ ನೆಲಮಾಳಿಗೆಗೆ ಒಮ್ಮೆ ಇಳಿದು ಬರಬೇಕು.

ಅಲ್ಲಿ ಕೌಂಟರಿನ ಹಿಂದೆ ಒಂದು ಕಿಟಕಿಯಿಲ್ಲದ ಕೋಣೆಯಿದೆ. ಮಕ್ಕಳ ವಾರ್ಡಿನ ಔಷಧಿಗಳನ್ನು ಅಳೆದು ಕೊಡುವುದು ಆ ಕೋಣೆಯಲ್ಲಿ. ಒಂದು ಗೋಡೆಗೆ ಫ್ರಿಜ್ಜು, ಇನ್ನೊಂದು ಗೋಡೆಗೆ ಕಪಾಟು, ನಡುವೆ ಸ್ಟೀಲಿನ ಮೇಜು, ಕೂರಲು ಏನೂ ಇಲ್ಲ. ಕೂತರೆ ಕೈ ಅಲುಗುತ್ತದೆ ಎಂದು ಹಿಂದಿನವರು ಯಾರೋ ತೀರ್ಮಾನಿಸಿದ್ದರು. ಆ ಕೋಣೆಯಲ್ಲಿ ಯಾವ ಔಷಧಿಯನ್ನೂ ಒಬ್ಬರೇ ಹೊರಗೆ ಕಳಿಸುವಂತಿಲ್ಲ. ಒಬ್ಬರು ಡಾಕ್ಟರ ಚೀಟಿಯನ್ನು ಗಟ್ಟಿಯಾಗಿ ಓದಬೇಕು: ಮಗುವಿನ ತೂಕ, ಔಷಧಿಯ ಹೆಸರು, ಪ್ರಮಾಣ. ಇನ್ನೊಬ್ಬರು ಬಾಟಲಿಯನ್ನು ಕೈಯಲ್ಲಿ ಹಿಡಿದು, ತಮ್ಮ ಕಣ್ಣಿನಿಂದಲೇ ಓದಿ, "ಸರಿ" ಅನ್ನಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಆಗದು, ತಲೆಯಾಡಿಸಿದರೆ ಆಗದು, ಬಾಯಿಬಿಟ್ಟೇ ಹೇಳಬೇಕು. ಅವರಿಗೆ ನಾವು ಎರಡನೆಯ ಕಣ್ಣು ಎನ್ನುತ್ತೇವೆ. ಎರಡನೆಯ ಕಣ್ಣು "ಸರಿ" ಅನ್ನದಿದ್ದರೆ ಔಷಧಿ ಕೆಂಪು ತಟ್ಟೆಗೆ ಹೋಗುತ್ತದೆ. ಯಾಕೆ ಅನ್ನಲಿಲ್ಲ ಎಂದು ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಅದರಲ್ಲಿ ಯಾರಿಗೂ ಅವಮಾನವಿಲ್ಲ. ಮೊದಲಿನಿಂದ ಅಳೆಯುತ್ತೇವೆ, ಅಷ್ಟೇ.

ನಮ್ಮ ಅಧ್ಯಕ್ಷರು ಅಧಿಕಾರ ವಹಿಸಿಕೊಂಡ ಹೊಸದರಲ್ಲಿ ಒಮ್ಮೆ ಕೆಳಗೆ ಬಂದಿದ್ದರು. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಪರವಾಗಿಲ್ವೇ, ಹೇಳಿದ್ದಕ್ಕೆಲ್ಲ ಸರಿ ಅನ್ನೋ ಸ್ಟಾಫು ಇಲ್ಲಿ ಮಾತ್ರ ನೋಡಿದ್ದು" ಅಂದರು. ಸರಿಯಕ್ಕ ಬಾಟಲಿಯಿಂದ ಕಣ್ಣು ತೆಗೆಯದೆ, "ಸರ್, ನಾವು ಸರಿ ಇದ್ದಿದ್ದಕ್ಕೆ ಮಾತ್ರ ಸರಿ ಅನ್ನೋದು" ಅಂದಳು. ಅಧ್ಯಕ್ಷರು ನಕ್ಕರು. ಈಗಲೂ ನಗುತ್ತಿದ್ದಾರೆ. ಧನ್ಯವಾದ.

ಆ ಪದವನ್ನು ಅವಳಷ್ಟು ಗಟ್ಟಿಯಾಗಿ ಹೇಳುವವರು ಯಾರೂ ಇರಲಿಲ್ಲ. ಹೊರಗೆ ಕೌಂಟರಿನಲ್ಲಿ ನಿಂತ ಜನ ಬೆಚ್ಚಿಬೀಳುತ್ತಿದ್ದರು. ಮನೆಯಲ್ಲೂ ಅದೇ ಆಯಿತಂತೆ. ಅಡುಗೆಗೆ ಉಪ್ಪು ಹಾಕಲು ಹೋದರೂ "ಡಬ್ಬಿ ಮೇಲೆ ಏನ್ ಬರ್ದಿದೆ ಓದ್ರೀ ಮೊದ್ಲು" ಅನ್ನುತ್ತಾಳೆ ಎಂದು ಭಾವ, ಅಂದರೆ ಅವಳ ಯಜಮಾನರು, ದೂರು ಹೇಳುತ್ತಿದ್ದರು. ಒಮ್ಮೆ ಮಗಳ ಶಾಲೆಯಲ್ಲಿ ಟೀಚರು, "ನಿಮ್ಮ ಹುಡುಗಿ ಕ್ಲಾಸಲ್ಲಿ ಬಾಯೇ ಮುಚ್ಚಲ್ಲ" ಎಂದು ವರದಿ ಓದುತ್ತಿದ್ದರೆ, ಇವಳು ಪಾಳಿ ಮುಗಿಸಿ ನೇರ ಹೋಗಿದ್ದಳಲ್ಲ, ಅಭ್ಯಾಸಬಲದಿಂದ ಗಟ್ಟಿಯಾಗಿ "ಸರಿ!" ಅಂದುಬಿಟ್ಟಳು. ಮಗಳು ಒಂದು ವಾರ ಮಾತು ಬಿಟ್ಟಿದ್ದಳು. ಅಲ್ಲವೇನಮ್ಮಾ? ಹೌದು ಅನ್ನುತ್ತಿದ್ದಾಳೆ.

ಇನ್ನು ಓದಿನ ವಿಷಯ. ಇವತ್ತು ಇಲ್ಲಿ ಎಲ್ಲರೂ ಹೊಗಳಿದ್ದು ಅದನ್ನೇ. ಪೂರ್ಣಾವಧಿ ಕೆಲಸ ಮಾಡುತ್ತಾ, ಸಂಸಾರ ನಡೆಸುತ್ತಾ, ಸ್ನಾತಕೋತ್ತರ ಪದವಿಗೆ ಓದಿದ ಛಲ. ಛಲ ಎಂಬ ಪದ ಇವತ್ತು ಈ ಮೈಕಿನಲ್ಲಿ ಬಹಳ ಸಲ ಬಂತು. ಛಲ ಹೇಗೆ ಹುಟ್ಟಿತು ಎಂದು ಹೇಳುತ್ತೇನೆ. ಸುತ್ತೋಲೆಯಿಂದ ಹುಟ್ಟಿತು. ಆಗಿನ ಮುಖ್ಯ ಫಾರ್ಮಸಿಸ್ಟ್ ನಿವೃತ್ತರಾಗುವ ಕಾಲ ಹತ್ತಿರ ಬಂದಿತ್ತು. ಇನ್ನು ಮುಂದೆ ಆ ಹುದ್ದೆಗೆ ಸ್ನಾತಕೋತ್ತರ ಪದವಿ ಕಡ್ಡಾಯ ಎಂದು ಮೇಲಿನಿಂದ ಸುತ್ತೋಲೆ ಬಂತು. ಅರ್ಹತೆಗೆ ಹತ್ತಿರವಿದ್ದವರು ನಾವಿಬ್ಬರೇ.

"ಇಬ್ರೂ ಸೇರ್ಕೊಳ್ಳೋಣ ಬಾರೇ," ಅಂದಳು. "ಶನಿವಾರ, ಭಾನುವಾರ ಕ್ಲಾಸಂತೆ. ಕೆಲ್ಸದಲ್ಲಿರೋರಿಗೇ ಅಂತ ಮಾಡಿದ್ದಾರೆ."

"ಹುದ್ದೆ ಒಂದೇ ಕಣಕ್ಕ," ಅಂದೆ.

"ಅದಕ್ಕೇನೀಗ? ಒಬ್ಳು ಯಜಮಾನ್ತಿ ಆಗ್ಲಿ, ಇನ್ನೊಬ್ಳು ಬೈಸ್ಕೊಳ್ಲಿ. ಬೈಯೋಕೆ ನಿನ್ಹತ್ರ ಇಂಗ್ಲಿಷ್ ಇದೆ. ಬೈಸ್ಕೊಳ್ಳೋಕೆ ನಂಗೆ ಅಭ್ಯಾಸ ಇದೆ."

ನಾವು ನಕ್ಕೆವು. ಇಬ್ಬರಲ್ಲಿ ಯಾರು ಹಿಂದೆ ಬಿದ್ದರೂ ಇನ್ನೊಬ್ಬರು ಮುಂದೆ ಹೋಗುತ್ತಾರೆ ಎಂಬ ಮಾತನ್ನು ನಾವು ಎಂದೂ ಬಾಯಿಬಿಟ್ಟು ಆಡಲಿಲ್ಲ. ಅದು ಬೇರೆ ವಿಷಯ, ಈಗ ಬೇಡ.

ಅವಳು ಓದಿದ್ದು ನಮ್ಮ ಭಾಷೆಯ ಶಾಲೆಯಲ್ಲಿ. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ. ಆದ್ದರಿಂದ ನಮ್ಮ ಕೋಣೆಯ ಪದ್ಧತಿಯನ್ನೇ ಓದಿಗೂ ಹಾಕಿಕೊಂಡೆವು. ನಾನು ಗಟ್ಟಿಯಾಗಿ ಓದುವುದು, ಅವಳು ಕೇಳಿ, ತನ್ನ ಮಾತಿನಲ್ಲಿ ಬರೆದುಕೊಳ್ಳುವುದು. ಅರ್ಥವಾದರೆ "ಸರಿ". ಇಲ್ಲದಿದ್ದರೆ "ಕೆಂಪು ತಟ್ಟೆ, ಮೊದ್ಲಿಂದ ಓದು". ಎಷ್ಟೋ ಸಲ ನಾನು ಓದಿದ್ದು ನನಗೇ ಅರ್ಥವಾಗಿರಲಿಲ್ಲ ಎಂದು ಗೊತ್ತಾಗುತ್ತಿದ್ದುದು ಅವಳು ಕೆಂಪು ತಟ್ಟೆ ಅಂದಾಗಲೇ. ಇಂಗ್ಲಿಷನ್ನು ಸರಾಗವಾಗಿ ಓದುವುದರಲ್ಲಿ ಅದೊಂದು ಅಪಾಯ, ಅರ್ಥವಾಯಿತು ಎಂದು ನಾಲಿಗೆ ತಾನೇ ತೀರ್ಮಾನಿಸಿಬಿಡುತ್ತದೆ.

ಇದಕ್ಕೆಲ್ಲ ಸಮಯ ಎಲ್ಲಿತ್ತು? ಮಧ್ಯಾಹ್ನದ ಊಟದ ಬಿಡುವಿನಲ್ಲಿತ್ತು. ಬೇರೆಲ್ಲೂ ಇರಲಿಲ್ಲ. ಸಂಜೆ ಅವಳಿಗೆ ಮನೆ, ನನಗೆ ನನ್ನ ಅತ್ತೆಯವರ ಶುಶ್ರೂಷೆ. ಬಿಡುವಿನಲ್ಲಿ ಸ್ಟೋರಿನ ಹಿಂದೆ ಔಷಧಿ ಪೆಟ್ಟಿಗೆಗಳ ಮೇಲೆ ಕೂರುತ್ತಿದ್ದೆವು. ನಾನು ಒಂದು ಪ್ಯಾರಾ ಓದಿ ನಿಲ್ಲಿಸುತ್ತಿದ್ದೆ. ಅವಳು ಅದನ್ನು ಬರೆದುಕೊಳ್ಳುವಷ್ಟರಲ್ಲಿ ನಾನು ಎರಡು ತುತ್ತು ತಿನ್ನುತ್ತಿದ್ದೆ. ಮತ್ತೆ ಓದುತ್ತಿದ್ದೆ, ಅವಳು ಬರೆಯುತ್ತಿದ್ದಳು, ನಾನು ತಿನ್ನುತ್ತಿದ್ದೆ. ಬಿಡುವು ಮುಗಿಯುವಾಗ ನನ್ನ ಡಬ್ಬಿ ಖಾಲಿಯಾಗಿರುತ್ತಿತ್ತು, ಅವಳ ಪುಟ ತುಂಬಿರುತ್ತಿತ್ತು. ಅವಳ ಡಬ್ಬಿ? ಅದು ಪಕ್ಕದಲ್ಲಿ ಮುಚ್ಚಿಯೇ ಇರುತ್ತಿತ್ತು. "ಆಮೇಲೆ ತಿಂತೀನಿ" ಎಂದು ಒಳಗೆ ಹೋಗುತ್ತಿದ್ದಳು. ಕೋಣೆಯಲ್ಲಿ ಆಮೇಲೆ ಎಂಬುದು ಇಲ್ಲ. ಪಾಳಿ ಮುಗಿಯುವವರೆಗೂ ಬಾಗಿಲು ಬಡಿಯುತ್ತಲೇ ಇರುತ್ತದೆ.

ಈ ಚಿತ್ರ ನನಗೆ ಆಗ ಕಾಣಿಸಲಿಲ್ಲ. ಈಗ ಪ್ರತಿ ಮಧ್ಯಾಹ್ನ ಕಾಣಿಸುತ್ತದೆ.

ಅವಳು ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಯಾವುದು ಗೊತ್ತೇ? ನಮ್ಮ ಗೌರವಾನ್ವಿತ ಅತಿಥಿಗಳಿಗೆ ಗೊತ್ತು, ಅವರೇ ಮಾರ್ಗದರ್ಶಕರು. "ಊಟದ ನಂತರ" ಎಂದು ನಾವು ಲಕೋಟೆಯ ಮೇಲೆ ಬರೆದುಕೊಡುತ್ತೇವಲ್ಲ, ಅದನ್ನು ರೋಗಿಗಳು ಎಷ್ಟರಮಟ್ಟಿಗೆ ಪಾಲಿಸುತ್ತಾರೆ ಎಂಬುದು. ಕೌಂಟರಿಗೆ ಬಂದವರನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದಳು. "ಮಾತ್ರೆ ತಗೊಂಡ್ರಾ? ಊಟ ಆಗಿತ್ತಾ? ಏನು ತಿಂದ್ರಿ? ಬರೀ ಟೀ ಕುಡಿದ್ರೆ ಊಟ ಅಲ್ಲಪ್ಪಾ, ಹೊಟ್ಟೆ ತೂತು ಬೀಳುತ್ತೆ." ಹೆದರಿಸಿ ಕಳಿಸುತ್ತಿದ್ದಳು. ಅವಳ ಮಾತಿಗೆ ಹೆದರಿ ಬದುಕಿಕೊಂಡವರು ಈ ಊರಿನಲ್ಲಿ ಇರಬಹುದು.

ಅವಳಿಗೆ ಬೆನ್ನುನೋವು ಶುರುವಾಗಿತ್ತು. ಇಡೀ ದಿನ ನಿಂತು, ಮಿಕ್ಕ ಹೊತ್ತು ಬಗ್ಗಿ ಬರೆದರೆ ಬರದೆ ಇರುತ್ತದೆಯೇ? ಒಂದು ದಿನ ಕಪಾಟಿನ ಮರೆಯಲ್ಲಿ ಮಾತ್ರೆ ನುಂಗುವುದನ್ನು ಕಂಡೆ.

"ಏನಕ್ಕ ಅದು?"

"ಬೆನ್ನು ಕಣೇ. ಇದೊಂದು ಹಾಕ್ಕೊಂಡ್ರೆ ಸಂಜೆವರೆಗೆ ಓಡುತ್ತೆ."

"ಬರೀ ಹೊಟ್ಟೇಲಾ?"

"ನಂಗೇ ಪಾಠ ಹೇಳ್ತೀಯಾ ತಾಯಿ? ಹೊಟ್ಟೆಗೂ ಒಂದು ಹಾಕ್ಕೊಂಡಿದ್ದೀನಿ. ಲೆಕ್ಕ ನಂಗೊತ್ತು."

ಲೆಕ್ಕ ಅವಳಿಗೆ ಗೊತ್ತಿತ್ತು. ದಿನಕ್ಕೆ ಎಷ್ಟು ದಾಟಬಾರದೋ ಅಷ್ಟನ್ನು ಅವಳು ಎಂದೂ ದಾಟಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನೋವು ಹೆಚ್ಚಾದಾಗ ಹೆದರಿ ಡಾಕ್ಟರ ಬಳಿ ಹೋಗುತ್ತಿದ್ದರು. ನಮಗೆ ಹೆದರಿಕೆ ಬರುವುದಿಲ್ಲ. ನಾವು ಮಾತ್ರೆ ಬದಲಾಯಿಸುತ್ತೇವೆ. ಹೊಟ್ಟೆ ಉರಿದರೆ ಅದಕ್ಕೊಂದು ಸೇರಿಸುತ್ತೇವೆ. ಔಷಧಿಯ ನಡುವೆ ಕೆಲಸ ಮಾಡುವವರು ಮಾತ್ರ ಮಾಡುವ ತಪ್ಪು ಅದು: ಕಾಯಿಲೆಯನ್ನು ಸರಿಯಾದ ಪ್ರಮಾಣದಲ್ಲಿ ಮುಚ್ಚಿಡುವುದು. ಪರರ ಮಗುವಿಗೆ ಅರ್ಧ ಚಮಚ ಸಿರಪ್ಪು ಹೋಗಬೇಕಾದರೆ ಎರಡು ಕಣ್ಣು ಬೇಕು. ನಮ್ಮ ಬಾಯಿಗೆ ನಾವು ಹಾಕಿಕೊಳ್ಳುವುದಕ್ಕೆ ಎರಡನೆಯ ಕಣ್ಣನ್ನು ಯಾವ ನಿಯಮವೂ ಕೇಳುವುದಿಲ್ಲ.

ದಿನಾ ಬೆಳಿಗ್ಗೆ ಅವಳನ್ನು ಕಂಡಾಗ ನಾನು ಕೇಳುತ್ತಿದ್ದೆ, "ಏನಕ್ಕ, ತಿಂಡಿ ಆಯ್ತಾ?" "ಆಯ್ತಾಯ್ತು, ನಿಂದು?" ನಾವೆಲ್ಲ ಹಾಗೆ ಕೇಳುತ್ತೇವೆ, ಹಾಗೆ ಹೇಳುತ್ತೇವೆ. ಕೇಳುವವರು ಉತ್ತರಕ್ಕೆ ಕಾಯುವುದಿಲ್ಲ. ನಾನೂ ಕಾಯಲಿಲ್ಲ.

ಮೂರನೆಯ ವರ್ಷ, ಪ್ರಬಂಧ ಮುಗಿಸುವ ಹೊತ್ತು. ಇಬ್ಬರೂ ರಜೆ ಕೇಳಿದೆವು. ಎರಡೇ ವಾರ. ಕೋಣೆಗೆ ಇಬ್ಬರು ಇರಲೇಬೇಕು, ಆಗ ಅಲ್ಲಿಯ ತರಬೇತಿ ಆದವರು ನಾವಿಬ್ಬರು ಮತ್ತು ಆ ಕೆಲಸವನ್ನು ಆಗಷ್ಟೇ ಕಲಿತ ಹೊಸಬಳು. ಅಂದರೆ ಒಬ್ಬರಿಗೆ ಮಾತ್ರ ರಜೆ ಕೊಡಲು ಸಾಧ್ಯ. ನನಗೆ ಸಿಕ್ಕಿತು. ನನ್ನ ಅರ್ಜಿ ಮೊದಲು ಹೋಗಿತ್ತು. ಅವಳ ಅರ್ಜಿಯ ಮೇಲೆ "ಬದಲಿ ವ್ಯವಸ್ಥೆ ಇಲ್ಲ" ಎಂದು ಬರೆದು ವಾಪಸು ಕಳಿಸಿದರು. ಅವಳು ಅದನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು, "ಹೋಗ್ಬಾರೇ, ನೀನಾದ್ರೂ ನೆಟ್ಟಗೆ ಬರಿ" ಅಂದಳು. ಬೇಸರದಿಂದ ಅಂದದ್ದಲ್ಲ. ಬೇಸರದಿಂದ ಅಂದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಇದನ್ನು ಹೇಳಬೇಕೆಂದು ನಾನು ಬರೆದುಕೊಂಡಿರಲಿಲ್ಲ. ಬಂದುಬಿಟ್ಟಿತು. ಇರಲಿ.

ನಾನು ರಜೆ ಮುಗಿಸಿ ಬಂದಾಗ ಅವಳು ಇಳಿದುಹೋಗಿದ್ದಳು. ನನ್ನ ಮೌಖಿಕ ಪರೀಕ್ಷೆ ಬುಧವಾರ ಮುಗಿಯಿತು. ಅವಳದು ಶನಿವಾರ ಇತ್ತು. ಗುರುವಾರ ಕೈ ತೊಳೆಯುವ ಜಾಗದಲ್ಲಿ ನನ್ನನ್ನು ತಡೆದು ಮೆಲ್ಲಗೆ ಹೇಳಿದಳು, "ಎರಡು ದಿನದಿಂದ ಕಪ್ಪಗೆ ಹೋಗ್ತಿದೆ ಕಣೇ." ನಮ್ಮ ಕೆಲಸದವರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಮಲ ಕಪ್ಪಾದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಎಂದು ಅರ್ಥ.

"ಈಗ್ಲೇ ಮೇಲೆ ಹೋಗಕ್ಕ. ಮೂರು ಮಹಡಿ, ಲಿಫ್ಟ್ ಇದೆ."

"ಹೋದ್ರೆ ಅಡ್ಮಿಟ್ ಮಾಡ್ಕೊಂಬಿಡ್ತಾರೆ. ವೈವಾ ತಪ್ಪಿದ್ರೆ ಇನ್ನಾರು ತಿಂಗಳು. ಇನ್ನಾರು ತಿಂಗಳು ನನ್ಕೈಲಿ ಆಗಲ್ಲ. ಶನಿವಾರ ಒಂದು ಕಳೀಲಿ."

"ಅಕ್ಕ..."

"ಶನಿವಾರ ಕಳೀಲಿ ಅಂದ್ನಲ್ಲ."

ಶುಕ್ರವಾರ ಬೆಳಗಿನ ಪಾಳಿ. ನಾನು ಚೀಟಿ ಓದುತ್ತಿದ್ದೆ, ಅವಳು ಎರಡನೆಯ ಕಣ್ಣು. ಮಗುವಿನ ತೂಕ ಓದಿದೆ, ಔಷಧಿಯ ಹೆಸರು ಓದಿದೆ, ಪ್ರಮಾಣ ಓದಿದೆ. "ಸರಿ" ಬರಲಿಲ್ಲ. ತಪ್ಪು ಓದಿದೆನೇ ಎಂದು ಇನ್ನೊಮ್ಮೆ ಓದಿದೆ. ಬರಲಿಲ್ಲ. ತಿರುಗಿ ನೋಡಿದರೆ ಫ್ರಿಜ್ಜಿಗೆ ಒರಗಿಕೊಂಡು ನೆಲದ ಮೇಲೆ ಕೂತಿದ್ದಳು. ಆ ಕೋಣೆಯಲ್ಲಿ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಖ ಗೋಡೆಯ ಬಣ್ಣಕ್ಕೆ ತಿರುಗಿತ್ತು. ಬಾಟಲಿಯನ್ನು ಮಾತ್ರ ನೆಟ್ಟಗೆ ಹಿಡಿದಿದ್ದಳು, ಒಂದು ಹನಿ ಚೆಲ್ಲಿರಲಿಲ್ಲ.

ನಾನೇನು ಮಾಡಿದೆ? ಅವಳ ಕೈಯಿಂದ ಬಾಟಲಿ ತೆಗೆದುಕೊಂಡೆ, ಕೆಂಪು ತಟ್ಟೆಯಲ್ಲಿಟ್ಟೆ, ಆಮೇಲೆ ಅವಳನ್ನು ಹಿಡಿದುಕೊಂಡೆ. ಎರಡನೆಯ ಕಣ್ಣು "ಸರಿ" ಅನ್ನಲಿಲ್ಲವಲ್ಲ, ಔಷಧಿ ಕೆಂಪು ತಟ್ಟೆಗೆ ಹೋಗಬೇಕು. ನನ್ನ ಕೈ ಅದನ್ನು ಮೊದಲು ಮಾಡಿತು. ಮನುಷ್ಯರಿಗಿಂತ ಮೊದಲು ನಿಯಮ ನೆನಪಾಗುವಂತೆ ನಮ್ಮ ಕೈಗಳನ್ನು ತಿದ್ದಿದ್ದಾರೆ. ತಿದ್ದಿದ್ದು ತಪ್ಪೇ? ಎಷ್ಟು ಮಕ್ಕಳು ಅದರಿಂದ ಉಳಿದಿದ್ದಾರೆ. ಆದರೂ ಆ ಕ್ಷಣ ನೆನೆದರೆ ನನ್ನ ಕೈಯನ್ನು ನಾನೇ ನೋಡಿಕೊಳ್ಳುತ್ತೇನೆ.

ಮೇಲೆ ತುರ್ತು ಘಟಕದ ಡಾಕ್ಟರು, ಏನು ಔಷಧಿ ತೆಗೆದುಕೊಳ್ಳುತ್ತಿದ್ದರು, ಯಾರಿಗಾದರೂ ಗೊತ್ತೇ ಎಂದು ಕೇಳಿದರು. ನಾನು ಹೇಳಿದೆ. ಮಾತ್ರೆಯ ಹೆಸರು, ಪ್ರಮಾಣ, ಎಷ್ಟು ಕಾಲದಿಂದ, ನಡುವೆ ಬದಲಾಯಿಸಿದ್ದು ಯಾವುದು, ಜೊತೆಗೆ ಸೇರಿಸಿದ್ದು ಯಾವುದು. ಚೀಟಿ ಓದುವ ಹಾಗೆ, ಒಂದು ಕಡೆಯೂ ತಡವರಿಸದೆ. ಬರೆದುಕೊಳ್ಳುತ್ತಿದ್ದ ಡಾಕ್ಟರು ತಲೆ ಎತ್ತಿದರು. "ಇಷ್ಟೂ ನಿಮಗೆ ಗೊತ್ತಿತ್ತಾ?" ಅಂದರು. ಚಿಕ್ಕ ವಯಸ್ಸಿನವರು, ಕೊಂಕಿನಿಂದ ಕೇಳಿದ್ದಲ್ಲ.

ಶನಿವಾರ ಕಳೆಯಲಿ ಅಂದಿದ್ದಳು. ಕಳೆಯಿತು. ಅವಳ ಮೌಖಿಕ ಪರೀಕ್ಷೆ ಇದ್ದ ಹೊತ್ತಿಗೆ ಭಾವ ಅವಳ ದೇಹವನ್ನು ಮನೆಗೆ ಒಯ್ಯುವ ಕಾಗದಗಳಿಗೆ ರುಜು ಹಾಕುತ್ತಿದ್ದರು. ಹಿಂದಿನ ದಿನ ಬಸ್ ಡಿಪೋದಿಂದ ನೇರ ಬಂದವರು ಮನೆಗೇ ಹೋಗಿರಲಿಲ್ಲ, ಕೈಯಲ್ಲಿ ಇನ್ನೂ ಗ್ರೀಸ್ ಇತ್ತು, ಕಾಗದ ಕೊಳೆಯಾಗುತ್ತದೆಂದು ಪದೇ ಪದೇ ಕೈ ಒರೆಸಿಕೊಳ್ಳುತ್ತಿದ್ದರು. "ನಿನ್ನೆ ಬೆಳಿಗ್ಗೆ ಪ್ರಶ್ನೆ ಕೇಳಿ ಅಂತಿದ್ಲು ನನ್ನ. ನಂಗೆ ಓದೋಕೆ ಬರ್ಲಿಲ್ಲ ಆ ಇಂಗ್ಲಿಷು" ಎಂದು ಅಷ್ಟೇ ಹೇಳಿದರು. ಭಾವ, ತಲೆ ತಗ್ಗಿಸಬೇಡಿ. ಓದಲು ಬರುತ್ತಿದ್ದವರು ಇನ್ನೊಬ್ಬರಿದ್ದರು.

ವಿಶ್ವವಿದ್ಯಾಲಯ ಅವಳಿಗೆ ಪದವಿ ಕೊಡಲಿಲ್ಲ. ಪ್ರಾಧ್ಯಾಪಕರು ಪ್ರಯತ್ನಪಟ್ಟರು, ನನಗೆ ಗೊತ್ತು. ಮೌಖಿಕ ಪರೀಕ್ಷೆ ಆಗದೆ ಪದವಿ ಕೊಡಲು ನಿಯಮ ಇಲ್ಲ. ಪದವಿ ಸಿಕ್ಕಿದ್ದು ನನಗೆ. ಹುದ್ದೆಯೂ. ಇವತ್ತು ನಿರೂಪಕಿ ನನ್ನನ್ನು "ನಮ್ಮ ಹೆಮ್ಮೆಯ ಮುಖ್ಯ ಫಾರ್ಮಸಿಸ್ಟ್" ಎಂದು ಕರೆದಾಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಕೃತಜ್ಞಳಾಗಿದ್ದೇನೆ.

ಈಗ ನನ್ನ ಎರಡನೆಯ ಕೆಲಸಕ್ಕೆ ಬರುತ್ತೇನೆ. ಫಲಕದ ಒಕ್ಕಣೆ ಸಿದ್ಧಪಡಿಸಿದವರು ಆಡಳಿತ ವಿಭಾಗದವರು. ನನ್ನ ಕೈಗೆ ಅದು ಬಂದದ್ದು ಈ ವೇದಿಕೆ ಹತ್ತುವಾಗ. ಓದುತ್ತೇನೆ.

"ಒಂದು ದಿನವೂ ರಜೆ ಪಡೆಯದೆ, ಪೂರ್ಣಾವಧಿ ಸೇವೆಯನ್ನೂ ಉನ್ನತ ವ್ಯಾಸಂಗವನ್ನೂ ನಗುನಗುತ್ತಾ ನಿಭಾಯಿಸಿದ..." ಇಲ್ಲಿ ಅವಳ ಹೆಸರಿದೆ, "...ಅವರ ಸ್ಮರಣೆಯಲ್ಲಿ, ಅದೇ ಹಾದಿಯಲ್ಲಿ ನಡೆಯಲು ಒಪ್ಪಿರುವ ಈ ಉದ್ಯೋಗಿಗೆ, ವ್ಯಾಸಂಗದ ಅವಧಿಯಲ್ಲಿ ರಜೆ ಕೋರುವುದಿಲ್ಲವೆಂಬ ಷರತ್ತಿನೊಂದಿಗೆ, ಗೌರವಪೂರ್ವಕವಾಗಿ."

ಅದೇ ಹಾದಿಯಲ್ಲಿ.

ಅಧ್ಯಕ್ಷರೇ, ಇದನ್ನು ಬರೆದವರಿಗೆ ಕೆಟ್ಟ ಉದ್ದೇಶವಿರಲಿಲ್ಲ ಎಂದು ನಾನು ನಂಬುತ್ತೇನೆ. ಹೊಗಳಬೇಕು ಎಂದೇ ಬರೆದಿದ್ದಾರೆ. ಆದರೆ ಅವಳು ರಜೆ ಪಡೆಯದೆ ಇದ್ದದ್ದಲ್ಲ. ಅವಳು ಕೇಳಿದ್ದಳು. ಕೊಡಲಿಲ್ಲ. ನಗುನಗುತ್ತಾ ಎಂಬುದು ನಿಜ. ನಗುತ್ತಿದ್ದಳು. ಆ ನಗುವಿಗೆ ದಿನಕ್ಕೆ ಎಷ್ಟು ಮಾತ್ರೆ ಬೇಕಾಗುತ್ತಿತ್ತು ಎಂದು ನನಗೆ ಗೊತ್ತು.

ಈ ವಾರದ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಹೊಸಬಳಿಗೆ ಈ ಪ್ರಶಸ್ತಿ ಎಂದು ಗೊತ್ತಾದ ದಿನ ಅವಳು ಪುಸ್ತಕಗಳನ್ನು ತಂದಿದ್ದಳು. ಸ್ಟೋರಿನ ಹಿಂದೆ, ಅದೇ ಪೆಟ್ಟಿಗೆಗಳ ಮೇಲೆ ಕೂತು ಓದುತ್ತಿದ್ದಳು. ನಾನು ಹೋದಾಗ ಏನನ್ನೋ ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

"ಏನಮ್ಮಾ ಅದು?"

"ಏನಿಲ್ಲ ಮೇಡಂ, ತಲೆನೋವು. ಸುಮ್ನೆ ಒಂದು ಹಾಕ್ಕೊಂಡೆ."

"ಊಟ ಆಯ್ತಾ?"

"ಆಯ್ತು ಮೇಡಂ."

ಈ ಸಲ ನಾನು ಉತ್ತರಕ್ಕೆ ಕಾದೆ. ಉತ್ತರ ಬಂದ ಮೇಲೂ ನಿಂತೆ. ಪಕ್ಕದಲ್ಲಿದ್ದ ಅವಳ ಡಬ್ಬಿಯನ್ನು ಎತ್ತಿ ನೋಡಿದೆ. ಭಾರವಿತ್ತು.

ಸಭಿಕರೇ, ನಮ್ಮ ಕೋಣೆಯ ನಿಯಮ ನಿಮಗೆ ಹೇಳಿದ್ದೇನೆ. ಇನ್ನೊಬ್ಬರು ಬರೆದುಕೊಟ್ಟದ್ದನ್ನು ನಾನು ಈಗ ನನ್ನ ಕಣ್ಣಿನಿಂದ ಓದಿದ್ದೇನೆ. ಇದು ಯಾರ ಕೈಗೆ ಹೋಗಬೇಕೋ ಅವಳು ಅಲ್ಲಿ ಕೂತಿದ್ದಾಳೆ. ನಾನು "ಸರಿ" ಅನ್ನಲಾರೆ.

ಫಲಕವನ್ನು ತಟ್ಟೆಯಲ್ಲಿ ಇಡುತ್ತಿದ್ದೇನೆ. ತಟ್ಟೆಗೆ ಕೆಂಪು ಬಟ್ಟೆ ಹಾಸಿದವರು ಯಾರೋ ನನಗೆ ಗೊತ್ತಿಲ್ಲ, ಅವರಿಗೆ ವಂದನೆ. ಇದರಲ್ಲಿ ಯಾರಿಗೂ ಅವಮಾನವಿಲ್ಲ, ಅಧ್ಯಕ್ಷರೇ. ಮೊದಲಿನಿಂದ ಬರೆಯೋಣ, ಅಷ್ಟೇ. ಷರತ್ತಿನ ಸಾಲು ತೆಗೆದು, ಓದುವವರಿಗೆ ರಜೆ ಕೊಡುತ್ತೇವೆ ಎಂದು ಬರೆದು ಕೊಟ್ಟ ದಿನ, ನೆಲಮಾಳಿಗೆಯವರೆಗೆ ಕೇಳಿಸುವಷ್ಟು ಗಟ್ಟಿಯಾಗಿ ನಾನೇ "ಸರಿ" ಅನ್ನುತ್ತೇನೆ. ಅಲ್ಲಿಯವರೆಗೆ ಹೊಸಬಳು ರಜೆ ಕೇಳಿದರೆ ಅವಳ ಅರ್ಜಿಯಲ್ಲಿ ಬದಲಿ ವ್ಯವಸ್ಥೆ ಎಂಬ ಕಡೆ ನನ್ನ ಹೆಸರು ಬರೆಯಬಹುದು. ಕೋಣೆಯಲ್ಲಿ ನಿಲ್ಲಲು ನನಗೆ ಇನ್ನೂ ಬರುತ್ತದೆ.

ಅವಳು ನನ್ನ ಕಡೆ ನೋಡುತ್ತಿಲ್ಲ. ಪ್ರಶಸ್ತಿಯ ಜೊತೆ ಅವಳ ಓದಿನ ಶುಲ್ಕವೂ ಇತ್ತು, ಅದನ್ನು ನಾನು ಎಲ್ಲರೆದುರು ತಡೆಹಿಡಿದಿದ್ದೇನೆ. ಅಂಥ ಹಕ್ಕನ್ನು ನನಗೆ ಯಾರೂ ಕೊಟ್ಟಿಲ್ಲ. ಇದು ಅವಳಿಗಾಗಿ ಮಾಡಿದ್ದೋ, ನನಗಾಗಿಯೋ ಎಂಬುದು ನನಗೆ ಸ್ಪಷ್ಟವಿಲ್ಲ. ಸಿಟ್ಟು ಬಂದಿದ್ದರೆ ಬರಲಿ. ನನ್ನ ಮೇಲೆ ಸಿಟ್ಟುಮಾಡಿಕೊಳ್ಳಲು ಸರಿಯಕ್ಕ ಎಂದೂ ಬಿಡುವು ಮಾಡಿಕೊಳ್ಳಲಿಲ್ಲ.

ಹೊರಗೆ ಊಟಕ್ಕೆ ಏರ್ಪಾಡಾಗಿದೆ ಎಂದು ನಿರೂಪಕಿ ಹೇಳಿದ್ದಾರೆ. ಹೊಸಬಳೇ, ಮೊದಲು ನೀನು ಹೋಗಿ ಕೂತು ತಿನ್ನು. ನಾನು ಎದುರಿಗೆ ಕೂತಿರುತ್ತೇನೆ. ಏನೂ ಓದುವುದಿಲ್ಲ.

ಇಷ್ಟು ಹೊತ್ತು ಕೇಳಿದ್ದಕ್ಕೆ, ನಡುವೆ ಎದ್ದು ಹೋಗದೆ ಇದ್ದುದಕ್ಕೆ, ಎಲ್ಲರಿಗೂ ಧನ್ಯವಾದ. ನಮಸ್ಕಾರ.